ಜಲಪಾತದ ಫೋಟೋ: ನೀರು ಬಿಳಿಯಾಗಿರಲಿ, ಬರ್ನ್ ಆಗದಿರಲಿ

ಜಲಪಾತದ ಫೋಟೋದಲ್ಲಿ ನಾನು ಮೊದಲು ನೋಡುವುದು ನೀರು ಜೋರಾಗಿ ಬೀಳುವ ನಡುಭಾಗವನ್ನು. ಅಲ್ಲಿ ಎಳೆ ಎಳೆಯಾಗಿ ನೀರು ಕಂಡರೆ ಸರಿ. ಬರೀ ಬಿಳಿ ಪಟ್ಟಿ ಇದ್ದರೆ, ಅಂದರೆ ಬೆಳಕು ಹೆಚ್ಚಾಗಿ ವಿವರವೇ ಅಳಿಸಿ ಬರ್ನ್ ಆಗಿದ್ದರೆ, ಪಕ್ಕದ ಬಂಡೆ, ಪಾಚಿ, ಮರ ಎಷ್ಟೇ ಚೆನ್ನಾಗಿ ಬಂದಿರಲಿ, ಕಣ್ಣು ಆ ಪಟ್ಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಎಡಿಟಿಂಗ್‌ನಲ್ಲಿ ಸರಿ ಮಾಡಿದರಾಯ್ತು ಅನ್ನುತ್ತಾರೆ. ಮಾಡಬಹುದು, ಆದರೆ ಫೈಲಿನಲ್ಲಿ ಏನಾದರೂ ಉಳಿದಿದ್ದರೆ ತಾನೇ?

ಜಲಪಾತದ ಸುತ್ತ ಜಾಸ್ತಿ ಇರುವುದು ಒದ್ದೆ ಬಂಡೆ ಮತ್ತು ನೆರಳು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಇಡೀ ಫ್ರೇಮಿನ ಸರಾಸರಿ ನೋಡಿ ಬೆಳಕು ಕಡಿಮೆ ಇದೆ ಅಂತ ಎಕ್ಸ್‌ಪೋಷರ್ ಏರಿಸುತ್ತದೆ. ಬಂಡೆಗೆ ಒಳ್ಳೆಯದಾಯಿತು, ನೀರು ಹೋಯಿತು. ಸ್ಲೋ ಶಟರ್ ಇಟ್ಟಾಗಲಂತೂ (ಶಟರ್ ಹೆಚ್ಚು ಹೊತ್ತು ತೆರೆದಿದ್ದಾಗ) ಹೊಳೆಯುವ ನೊರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾದುಹೋಗಿ, ಎಳೆಗಳ ನಡುವಿನ ಕಪ್ಪು ಸಂದುಗಳೂ ಮುಚ್ಚಿಹೋಗುತ್ತವೆ.

ಹಾಗಾಗಿ ನಾನು ಅಳೆಯುವುದು ನೀರನ್ನೇ. ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್‌ನಲ್ಲಿ ಅತಿ ಬಿಳಿಯಾಗಿರುವ ಜಾಗ ಹಿಡಿಯುತ್ತೇನೆ. ಮೀಟರ್ ಹೇಳಿದ್ದನ್ನು ಹಾಗೇ ಒಪ್ಪಿದರೆ ನೀರು ಬೂದು ಬಣ್ಣಕ್ಕೆ ಬರುತ್ತದೆ, ಅದಕ್ಕೆ ಅಲ್ಲಿಂದ ಒಂದೂವರೆ ಸ್ಟಾಪ್ ಮೇಲಕ್ಕೆ ಇಡುತ್ತೇನೆ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು). ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8 ಅಥವಾ ಎಫ್/11, ಶಟರ್ ಅರ್ಧ ಸೆಕೆಂಡಿನ ಆಸುಪಾಸು. ನೀರಿನ ರಭಸ ಜಾಸ್ತಿ ಇದ್ದರೆ 1/4 ಸೆಕೆಂಡೇ ಸಾಕು. ಬೆಳಕು ಕಡಿಮೆ ಮಾಡಲು ಎಫ್/22ಕ್ಕೆ ಹೋಗುವುದಿಲ್ಲ, ಕಿಂಡಿ ತೀರಾ ಚಿಕ್ಕದಾಗಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಫೋಟೋ ಮೆತ್ತಗಾಗುತ್ತದೆ. ಅದಕ್ಕಿಂತ ಮೂರು ಸ್ಟಾಪ್ ಬೆಳಕು ತಡೆಯುವ ಎನ್‌ಡಿ8 ಫಿಲ್ಟರ್ ಹಾಕುವುದು ವಾಸಿ. ಆದರೆ ಒಂದೇ ಫಿಲ್ಟರ್ ಕೊಳ್ಳುವುದಾದರೆ ಪೋಲರೈಸರ್ ಕೊಳ್ಳಿ. ಅದನ್ನು ನಿಧಾನಕ್ಕೆ ತಿರುಗಿಸುತ್ತಾ ಒದ್ದೆ ಬಂಡೆಯನ್ನೇ ನೋಡುತ್ತಿರಿ: ಒಂದು ಹಂತದಲ್ಲಿ ಮೇಲಿನ ಬಿಳಿ ಮಿರುಗು ಹೋಗಿ ಕಲ್ಲಿನ ನಿಜವಾದ ಬಣ್ಣ ಎದ್ದು ಬರುತ್ತದೆ, ಎಲೆಗಳೂ ಹಸಿರಾಗುತ್ತವೆ, ಜೊತೆಗೆ ಹೆಚ್ಚುಕಮ್ಮಿ ಒಂದೂವರೆ ಸ್ಟಾಪ್ ಬೆಳಕೂ ಇಳಿಯುತ್ತದೆ. ಈ ಮಿರುಗನ್ನು ಎಡಿಟಿಂಗ್‌ನಲ್ಲಿ ತೆಗೆಯಲು ಆಗುವುದಿಲ್ಲ.

ತೆಗೆದ ಮೇಲೆ ಕ್ಯಾಮೆರಾ ಸ್ಕ್ರೀನಿನಲ್ಲಿ ಬರ್ನ್ ಆದ ಜಾಗ ಮಿನುಗುವ ಎಚ್ಚರಿಕೆ ಹಾಕಿಕೊಂಡು, ಎಲ್ಲಿ ಮಿನುಗುತ್ತದೆ ನೋಡುತ್ತೇನೆ. ಆ ಎಚ್ಚರಿಕೆ ಜೆಪೆಗ್ ಲೆಕ್ಕದ್ದು, ಸೆನ್ಸರ್ ಹಿಡಿದದ್ದೆಲ್ಲ ಉಳಿಯುವ ರಾ ಫೈಲಿನಲ್ಲಿ ಇನ್ನೂ ಸ್ವಲ್ಪ ಜಾಗ ಇರುತ್ತದೆ, ಹಾಗಾಗಿ ಅಲ್ಲೊಂದು ಇಲ್ಲೊಂದು ಚುಕ್ಕಿ ಮಿನುಗಿದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡ ತುಂಡೇ ಮಿನುಗಿದರೆ ಶಟರ್ ವೇಗ ಹೆಚ್ಚಿಸಿ ಇನ್ನೊಂದು ತೆಗೆಯುತ್ತೇನೆ.

ಎಡಿಟಿಂಗ್ ಲೈಟ್‌ರೂಮ್‌ನಲ್ಲಿ. ಮೊದಲು ಆಲ್ಟ್ ಕೀ ಒತ್ತಿಕೊಂಡು ವೈಟ್ಸ್ (ಅತಿ ಬಿಳಿ ಭಾಗದ) ಸ್ಲೈಡರ್ ಹಿಡಿಯುತ್ತೇನೆ. ಸ್ಕ್ರೀನ್ ಪೂರ್ತಿ ಕಪ್ಪಾಗಿ, ಬರ್ನ್ ಆದ ಜಾಗ ಮಾತ್ರ ಕಾಣುತ್ತದೆ. ಬಣ್ಣ ಕಂಡರೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಒಂದೋ ಎರಡೋ ಹೋಗಿದೆ ಅಂತ. ಬಿಳಿಯಾಗಿ ಕಂಡರೆ ಅಲ್ಲಿ ಮೂರೂ ಹೋಗಿವೆ. ಸ್ಲೈಡರ್ ಇಳಿಸಿದರೂ ಅಲ್ಲಿ ಎಳೆ ಕಾಣದಿದ್ದರೆ ವಾಪಸ್ ತರಲು ಏನೂ ಇಲ್ಲ. ಇಳಿಸಿದಷ್ಟೂ ಎಳೆ ಇಲ್ಲದ ಬೂದು ತೇಪೆ ಸಿಗುತ್ತದೆ ಅಷ್ಟೇ.

ಜಾಸ್ತಿ ಜನ ಇಲ್ಲಿ ಹೈಲೈಟ್ಸ್ (ಪ್ರಕಾಶ ಜಾಸ್ತಿ ಇರುವ ಭಾಗದ) ಸ್ಲೈಡರನ್ನು ಸೀದಾ ಮೈನಸ್ 100ಕ್ಕೆ ಎಳೆಯುತ್ತಾರೆ. ಹಿಸ್ಟೋಗ್ರಾಂ (ಬೆಳಕು-ನೆರಳಿನ ಗ್ರಾಫ್) ನೋಡಲು ಚೆಂದ, ಆದರೆ ನೀರು ಸಿಮೆಂಟ್ ಕಲಸಿದ ಹಾಗೆ ಕಾಣುತ್ತದೆ. ನನ್ನ ಪ್ರಕಾರ ನಾಲ್ಕು ಚುಕ್ಕಿ ಬರ್ನ್ ಆಗಿರುವ ಬಿಳಿ ನೀರು ಈ ಬೂದು ನೀರಿಗಿಂತ ಎಷ್ಟೋ ಮೇಲು. ಇಡೀ ಫೋಟೋಗೆ ಮೈನಸ್ 40ರ ಹತ್ತಿರ ನಿಲ್ಲಿಸುತ್ತೇನೆ. ಮಿಕ್ಕಿದ್ದೆಲ್ಲ, ಆಯ್ದ ಜಾಗಕ್ಕಷ್ಟೇ ಎಡಿಟ್ ತಾಗಿಸುವ ಮಾಸ್ಕಿನಲ್ಲಿ. ಬ್ರಷ್‌ನಿಂದ ನೀರನ್ನು ಬಳಿದು, ಅದನ್ನು ಪ್ರಕಾಶದ ಮಟ್ಟ ನೋಡಿ ಆಯ್ಕೆ ಮಾಡುವ ಲ್ಯೂಮಿನನ್ಸ್ ರೇಂಜ್ ಜೊತೆ ಇಂಟರ್‌ಸೆಕ್ಟ್ ಮಾಡಿದರೆ ಪ್ರಕಾಶ ಜಾಸ್ತಿ ಇರುವ ಭಾಗ ಮಾತ್ರ ಉಳಿಯುತ್ತದೆ. ಆ ಮಾಸ್ಕಿನೊಳಗೆ ಹೈಲೈಟ್ಸ್ ಇನ್ನೊಂದಿಷ್ಟು ಇಳಿಸಿ, ವೈಟ್ಸ್ ಚೂರು ಏರಿಸುತ್ತೇನೆ. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಸುಮ್ನೆ ಅಲ್ಲ: ಎಳೆಗಳ ನಡುವಿನ ತಿಳಿ ಬೂದು ಕೆಳಗೆ ಹೋಗುತ್ತದೆ, ಎಳೆಯ ತುದಿ ಬಿಳಿಯಾಗಿಯೇ ಉಳಿಯುತ್ತದೆ, ನೀರಿಗೆ ಮೈ ಬರುತ್ತದೆ. ವಿವರ ಎದ್ದು ಕಾಣಿಸುವ ಕ್ಲಾರಿಟಿ 10 ದಾಟಿಸುವುದಿಲ್ಲ, ನೊರೆ ಮರಳು ಮರಳಾಗುತ್ತದೆ.

ನೆರಳಿನ ಜಲಪಾತದಲ್ಲಿ ನೀರು ನೀಲಿ ತಿರುಗುವುದೂ ಇದೆ. ಅದಕ್ಕೆ ಇಡೀ ಫೋಟೋದ ವೈಟ್ ಬ್ಯಾಲೆನ್ಸ್ ಬೆಚ್ಚಗೆ (ಹಳದಿ ಕಡೆಗೆ) ಮಾಡಿದರೆ ಕೆಂಪು ಚಾನೆಲ್ ಮೇಲೇರಿ, ಈಗಷ್ಟೇ ಸರಿ ಮಾಡಿದ ಹೈಲೈಟ್ ಮತ್ತೆ ಬರ್ನ್ ಆಗಬಹುದು. ಮಾಸ್ಕಿನಲ್ಲಿ ಸ್ಯಾಚುರೇಷನ್ ಕಡಿಮೆ ಮಾಡಿದರೆ ಸಾಕು.

ಅರ್ಧ ಬಿಸಿಲು, ಅರ್ಧ ನೆರಳು ಇದ್ದಾಗ ಒಂದು ಫ್ರೇಮಿನಲ್ಲಿ ಮುಗಿಯುವುದಿಲ್ಲ. ಮೋಡ ಬರುವವರೆಗೆ ಕಾಯಬೇಕು, ಇಲ್ಲವೇ ನೀರಿಗೊಂದು, ಬಂಡೆಗೊಂದು ಅಂತ ಎರಡು ತೆಗೆಯಬೇಕು. ಆ ಎರಡನ್ನೂ ಸಾಫ್ಟ್‌ವೇರೇ ಸೇರಿಸುವ ಆಟೋ ಎಚ್‌ಡಿಆರ್ ಮಾಡಿದರೆ ಗಾಳಿಗೆ ಅಲ್ಲಾಡಿದ ಎಲೆಗಳು ಎರಡೆರಡು ಕಾಣುತ್ತವೆ. ಹಾಗಾಗಿ ಫೋಟೋಶಾಪ್‌ನಲ್ಲಿ ಕಪ್ಪಗಿರುವ ಫ್ರೇಮನ್ನು ಮೇಲಿನ ಲೇಯರ್ ಮಾಡಿ, ಅದನ್ನು ಮರೆಮಾಡುವ ಕಪ್ಪು ಮಾಸ್ಕ್ ಹಾಕಿ, ಮೆತ್ತನೆಯ ಬಿಳಿ ಬ್ರಷ್‌ನಿಂದ ಫ್ಲೋ (ಬಣ್ಣ ಬೀಳುವ ಪ್ರಮಾಣ) 20%ರಷ್ಟು ಇಟ್ಟುಕೊಂಡು ನೀರಿನ ಮೇಲಷ್ಟೇ ಬಳಿಯುತ್ತೇನೆ. ನೀರು ಬಂಡೆಗೆ ತಾಗುವ ಅಂಚಿನಲ್ಲಿ ಬ್ರಷ್ ಹೊರಗೆ ಹೋದರೆ ಬಂಡೆಯ ಸುತ್ತ ಕಪ್ಪು ಗೆರೆ ಬೀಳುತ್ತದೆ, 100% ಜೂಮ್ ಮಾಡಿ ನೋಡಿಕೊಳ್ಳಿ.

ಪ್ರಿಂಟ್ ಹಾಕಿಸುವುದಿದ್ದರೆ ಇನ್ನೊಂದು ಕೆಲಸ ಇದೆ. 255 (ಪೂರ್ತಿ ಬಿಳಿ) ಇರುವ ಜಾಗಕ್ಕೆ ಇಂಕೇ ಬೀಳುವುದಿಲ್ಲ, ಖಾಲಿ ಕಾಗದ ಕಾಣುತ್ತದೆ. ಬೆಳಕು ಹೊಂದಿಸುವ ಕರ್ವ್ಸ್ ಗೆರೆಯ ಬಲ ಮೇಲ್ತುದಿಯ ಚುಕ್ಕಿಯನ್ನು 245ರ ಹತ್ತಿರಕ್ಕೆ ಇಳಿಸುತ್ತೇನೆ. ಎಳೆ ಹುಟ್ಟುವುದಿಲ್ಲ, ಆದರೆ ತೂತು ಬಿದ್ದ ಹಾಗಂತೂ ಕಾಣುವುದಿಲ್ಲ. ಮೊಬೈಲಿನಲ್ಲಿ ಮಾತ್ರ ನೋಡುವ ಫೋಟೋಗೆ ಇದು ಬೇಕಿಲ್ಲ.