ಮಂಚದ ಹಿಂದಿನ ಗೋಡೆಗೆ ಸುಣ್ಣ, ಕೆಮ್ಮಣ್ಣು: ನನ್ನ ಅನುಭವ

ಎರಡು ಮಳೆಗಾಲ ಕಳೀತು, ಗೋಡೆ ಗಟ್ಟಿಯಾಗಿದೆ, ಅದಕ್ಕೇ ಈಗ ಬರೀತಿದೀನಿ. ಮುಂಚೆನೇ ಬರ್ದಿದ್ರೆ "ಆಷಾಢ ದಾಟ್ಲಿ ನೋಡೋಣ" ಅಂತಿದ್ರಿ. ನಮ್ಮ ಪೇಂಟರ್ ಅಂತೂ ಸುಣ್ಣ ಅಂದ ತಕ್ಷಣ ನಕ್ಕುಬಿಟ್ಟ, "ಸುಣ್ಣ ಕೊಟ್ಟಿಗೆಗೆ ಸರ್, ಬೆಡ್‌ರೂಮಿಗಲ್ಲ" ಅಂತ.

ನಮ್ದು ಶಿವಮೊಗ್ಗ ಜಿಲ್ಲೆ ಸಾಗರ. ಜಂಬಿಟ್ಟಿಗೆ ಮನೆ, ಮೇಲೆ ಸಿಮೆಂಟ್ ಪ್ಲಾಸ್ಟರ್. ಮಂಚದ ತಲೆ ಪಡುವಣ ಗೋಡೆಗೆ, ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಮಳೆ ಬಡಿಯೋದು ಸೀದಾ ಅದರ ಬೆನ್ನಿಗೆ. ಪಶ್ಚಿಮಕ್ಕೆ ತಲೆ ಹಾಕಿ ಮಲಗಿದ್ರೆ ಚಿಂತೆ ಅಂತಾರಲ್ಲ, ನಮಗೆ ಆ ಚಿಂತೆ ಪೂರ್ತಿ ಗೋಡೆದೇ ಆಗೋಯ್ತು.

ಮೊದಲು ಹಾಕ್ಸಿದ್ದು ವಾಲ್‌ಪೇಪರ್. ಗೋಡೆ ಸುಮಾರು 11 ಅಡಿ ಅಗಲ, ಒಂಬತ್ತೂವರೆ ಎತ್ತರ, ಒಂದು ರೋಲ್ ಅಂದ್ರೆ 57 ಚದರಡಿ, ಲೆಕ್ಕಕ್ಕೆ ಎರಡು ಸಾಕು ಅನ್ಸುತ್ತೆ ಆದ್ರೆ ಡಿಸೈನ್ ಕೂಡಿಸೋಕೆ ವೇಸ್ಟ್ ಆಗುತ್ತೆ ಅಂತ ಮೂರು ತಗೊಳ್ಳಿಸಿದ್ರು, ಕೂಲಿ ಸೇರಿ ಎಂಟು ಸಾವಿರದ ಮೇಲೆ. ಶ್ರಾವಣ ಬರೋ ಹೊತ್ತಿಗೆ ಮೂಲೆ ಎದ್ದಿತ್ತು, ಎಳೆದು ನೋಡಿದ್ರೆ ಹಿಂದೆಲ್ಲ ಕಪ್ಪು ಬೂಷ್ಟು, ಇಷ್ಟು ದಿನ ನಮ್ಮ ದಿಂಬಿನ ವಾಸನೆ ಅಂದ್ಕೊಂಡಿದ್ದು ಅದು. ಆಮೇಲೆ ಟೆಕ್ಸ್ಚರ್ ಪೇಂಟ್. ಅದು ಇನ್ನೂ ಚೆನ್ನಾಗಿ ಕೈ ಕೊಡ್ತು, ಬೇಸಿಗೆ ಪೂರ್ತಿ ರಾಜನ ಥರ ಇದ್ದು ಆಗಸ್ಟಲ್ಲಿ ಹಪ್ಪಳದ ಥರ ಉಬ್ಬಿ ಹಾಳೆ ಹಾಳೆಯಾಗಿ ಬಿತ್ತು. ಪಿವಿಸಿ ಪ್ಯಾನೆಲ್‌ಗೆ ಇಪ್ಪತ್ತೆರಡು ಸಾವಿರ ಕೊಟೇಶನ್ ಕೊಟ್ರು. ಪ್ಯಾನೆಲ್ ಹಾಕಿದ್ರೆ ಬೂಷ್ಟು ಕಾಣ್ಸಲ್ಲ ಅಷ್ಟೆ, ಹೋಗಲ್ಲ. ಬೇಡ ಅಂದೆ.

ವಿಷಯ ಇಷ್ಟೇ, ಒಳಗೆ ನೀರಿರೋ ಗೋಡೆಗೆ ಮೇಲಿಂದ ಪ್ಲಾಸ್ಟಿಕ್ ಮುಚ್ಚಿದ್ರೆ ಅದು ನೂಕಿಕೊಂಡು ಬಂದೇ ಬರುತ್ತೆ. ಸುಣ್ಣ ಆ ನೀರಿನ ಆವೀನ ಹೊರಗೆ ಬಿಡುತ್ತೆ. ಹಾಗಂತ ಸುಣ್ಣ ಲೀಕ್ ನಿಲ್ಲಿಸಲ್ಲ, ಹೊರಗಿನ ಪ್ಲಾಸ್ಟರಲ್ಲಿ ಬಿರುಕಿದ್ರೆ ಅದನ್ನ ಮೊದಲು ಮುಚ್ಚಿ. ನಾನು ಅದಕ್ಕೆ ಒಂದು ಸಾವಿರ ಚಿಲ್ರೆ ಖರ್ಚು ಮಾಡಿ ಆಮೇಲೆ ಒಳಗೆ ಕೈ ಹಾಕಿದ್ದು.

ಕೆಲಸದಲ್ಲಿ ಕಷ್ಟ ಅಂದ್ರೆ ಕೆರೆಯೋದೇ. ಪೇಂಟು, ಅದರಡಿ ಪುಟ್ಟಿ, ಅದರಡಿ ಹಳೇ ಡಿಸ್ಟೆಂಪರ್, ಎಲ್ಲ ಹೋಗಿ ಸಿಮೆಂಟ್ ಕಾಣ್ಬೇಕು, ಎಮಲ್ಶನ್ ಪೇಂಟ್ ಮೇಲೆ ಸುಣ್ಣ ಹಿಡಿಯಲ್ಲ. ಮಾರ್ಚಲ್ಲಿ ಕೆರೆದು, ಬಿಳೀ ಉಪ್ಪು ಬಂದಿದ್ದನ್ನ ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆದೆ. ತೊಳೆಯೋಕೆ ಹೋಗ್ಬೇಡಿ, ಉಪ್ಪು ನೀರಲ್ಲಿ ಕರಗಿ ವಾಪಸ್ ಗೋಡೆ ಒಳಗೇ ಹೋಗುತ್ತೆ. ಏಪ್ರಿಲ್ ಪೂರ್ತಿ ಕಿಟಕಿ ತೆಗೆದು ಹಾಗೇ ಬಿಟ್ಟೆ, ನಾವು ಹಾಲಲ್ಲಿ ಮಲಗಿದ್ವಿ, ಮನೆಯವಳ ಬೈಗುಳ ಲೆಕ್ಕಕ್ಕಿಲ್ಲ.

ಸುಣ್ಣ ಕರಾವಳಿ ಕಡೆಯಿಂದ ತರಿಸಿದ ಚಿಪ್ಪಿನ ಸುಣ್ಣ, ಮೂಟೆಗೆ ಐನೂರರ ಆಸುಪಾಸು ಬಿತ್ತು ಅಂತ ನೆನಪು. ಹಳೇ ಕಬ್ಬಿಣದ ಡ್ರಮ್ಮಲ್ಲಿ ನೀರು ಹಾಕಿ ಅರಳಿಸಿದ್ದು, ಪ್ಲಾಸ್ಟಿಕ್ ಬಕೆಟ್ ಬೇಡ, ಅದು ಕುದಿಯೋ ರಭಸಕ್ಕೆ ಮೆತ್ತಗಾಗುತ್ತೆ. ಕಣ್ಣಿಗೆ ಕನ್ನಡಕ ಇಲ್ದೆ ಹತ್ರ ಹೋಗ್ಬೇಡಿ. ಎರಡು ವಾರಕ್ಕಿಂತ ಜಾಸ್ತಿ ನೆನೆಸಿಟ್ಟು ಪಂಚೆ ಬಟ್ಟೇಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡ್ಕೊಂಡೆ. ಗೋಡೆಗೆ ಮೊದಲು ನೀರು ಚಿಮುಕಿಸಿ ಆಮೇಲೆ ಕೋಟ್. ಮೊದಲ ಕೋಟ್ ಹೊಡೆದಾಗ ಏನೂ ಕಾಣಲ್ಲ, ಬರೀ ಕಲೆ ಕಲೆ, ಪೇಂಟರ್ ಬಂದು ನೋಡಿ ತಲೆ ಅಲ್ಲಾಡಿಸಿ ಹೋದ. ಮಾರನೇ ಬೆಳಗ್ಗೆ ತಾನಾಗೇ ಬಿಳಿ ಏರುತ್ತೆ. ಇದು ಗೊತ್ತಿಲ್ಲದೋರು ಗಾಬರಿಯಾಗಿ ದಪ್ಪಗೆ ಬಳೀತಾರೆ, ಅದೇ ಉದುರೋದು.

ಬಣ್ಣಕ್ಕೆ ಏನೇನೋ ಆಟ ಆಡ್ದೆ. ಹಳದಿ ಬರುತ್ತೇನೋ ಅಂತ ಬಾತ್‌ರೂಮ್ ಮೂಲೇಲಿ ಅರಿಶಿನ ಹಾಕಿ ನೋಡ್ದೆ, ಓಕುಳಿ ನೀರು ಮಾಡೋರಿಗೆ ಗೊತ್ತಿರೋದೇ, ಕೆಂಪಾಯ್ತು, ಆದ್ರೆ ಎಂಥಾ ಕೆಂಪು ಅಂತೀರಿ, ಆಸೆನೇ ಹುಟ್ಟಿಬಿಡ್ತು, ತಿಂಗಳೊಳಗೆ ಬಿಸಿಲಿಗೆ ಮಾಸಿ ಪಾಯಸ ಚೆಲ್ಲಿದ ಬಣ್ಣ ಆಯ್ತು. ಕಾಫಿ ಡಿಕಾಕ್ಷನ್ನೂ ಹಾಕ್ದೆ, ಅದರ ಸುದ್ದಿ ಬೇಡ. ಕೊನೆಗೆ ನಿಂತಿದ್ದು ಕೆಮ್ಮಣ್ಣು. ನಮ್ಮ ಗುಡ್ಡದ್ದೇ ಮಣ್ಣು, ಒಣಗಿಸಿ, ನೀರಲ್ಲಿ ಕದಡಿ, ಮರಳು ಕೂತ ಮೇಲೆ ಮೇಲಿನ ಕೆನೆ ಮಾತ್ರ ಬಸಿದು ತಗೊಂಡಿದ್ದು. ಸಾಲದೇ ಇದ್ದಾಗ ಅಂಗಡಿ ರೆಡ್ ಆಕ್ಸೈಡ್ ಒಂದು ಹಿಡಿ. ಒದ್ದೆ ಇದ್ದಾಗಿನ ಬಣ್ಣ ನೋಡಿ ಮರುಳಾಗ್ಬೇಡಿ, ಒಣಗಿದ್ರೆ ಅರ್ಧಕ್ಕರ್ಧ ತಿಳಿಯಾಗುತ್ತೆ, ಅದಕ್ಕೇ ರಟ್ಟಿನ ಮೇಲಲ್ಲ, ಅದೇ ಗೋಡೆ ಮೇಲೇ ಸ್ಯಾಂಪಲ್ ಹಾಕಿ.

ಎಲ್ಲರೂ ಕೇಳೋದು ಬೆನ್ನಿಗೆ, ತಲೆದಿಂಬಿಗೆ ಮೆತ್ತಲ್ವಾ ಅಂತ. ಮೆತ್ತುತ್ತೆ. ಮೊದಲ ಸಲ ನನ್ನ ಬನಿಯನ್ ನೋಡಿ ಮಗಳು "ಅಪ್ಪ ಹೋಳಿ ಆಡಿದ್ರಾ" ಅಂದ್ಳು. ಅದಕ್ಕೆ ಕೆಳಗಿನ ಮೂರೂವರೆ ಅಡಿ ಬೇರೆ ಮಾಡ್ದೆ, ಸುಣ್ಣದ ಗಟ್ಟಿ ಕೆನೆಗೆ ಮಾರ್ಬಲ್ ಪುಡಿ ಸೇರಿಸಿ ತೆಳು ಗಾರೆ, ಇನ್ನೂ ಹಸಿ ಇರೋವಾಗ್ಲೇ ಸೋಪಿನ ನೀರು ಹಚ್ಚಿ ಹೊಳೆಕಲ್ಲಲ್ಲಿ ತಿಕ್ಕಿದ್ದು. ಮೊರಾಕ್ಕೋದಲ್ಲಿ ಸ್ನಾನದ ಮನೆಗೇ ಹೀಗೆ ಮಾಡ್ತಾರೆ, ಸೋಪು ಸುಣ್ಣದ ಜೊತೆ ಸೇರಿ ನೀರು ಹಿಡಿಯದ ಪದರ ಆಗುತ್ತೆ. ಬಟ್ಟೆ ಸೋಪಲ್ಲಿ ಮಾಡಿದ್ದು ಮಚ್ಚೆ ಬಂತು, ಯಾವ ಸೋಪು ಸರಿಹೋಯ್ತು, ಎಷ್ಟು ಹೊತ್ತಿಗೆ ತಿಕ್ಕೋಕೆ ಶುರು ಮಾಡ್ಬೇಕು ಅನ್ನೋದು ಮಾತ್ರ ನನ್ನ ಹತ್ರನೇ ಇರ್ಲಿ, ತೋಳು ನೋವು ತಿಂದು ಕಲ್ತಿದ್ದು. ಈಗ ಎಣ್ಣೆ ತಲೆ ಒರಗಿಸಿದ್ರೂ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ.

ಮೇಲೆ ಒಂದು ಸಾಲು ಚಿತ್ತಾರ ಇದೆ. ನಮ್ಮ ಕಡೆ ದೀವರ ಸಮುದಾಯದೋರ ಮನೆ ಮದುವೇಲಿ, ಮದುಮಕ್ಕಳು ಕೂರೋ ಜಾಗದ ಹಸೆ ಗೋಡೆಗೆ ಬರೀತಾರಲ್ಲ, ಕೆಮ್ಮಣ್ಣಿನ ಮೇಲೆ ಅಕ್ಕಿ ಬಿಳಿ, ಪುಂಡಿ ನಾರಿನ ಕುಂಚ. ಪೂರ್ತಿ ಹಸೆ ಬರೆಸೋದು ನನಗೆ ಸರಿ ಕಾಣ್ಲಿಲ್ಲ, ಅದು ಮದುವೇದು, ಗೆರೆಯ ಅಂಚು ಮಾತ್ರ ಸಾಕು ಅಂದೆ. ಬರೆದುಕೊಟ್ಟ ಅಕ್ಕ ಎರಡು ಸಾವಿರ ತಗೊಂಡ್ರು, ಅವರ ಕೈ ನೋಡಿದ್ರೆ ಕಮ್ಮಿನೇ. ಮೊದಲು ಅಕ್ಕಿಹಿಟ್ಟಲ್ಲೇ ಬರೆದ್ರು, ಜಿರಲೆಗಳಿಗೆ ಊಟ ಆಯ್ತು, ಆಮೇಲೆ ಅವರೇ ಬಿಳೀ ಸುಣ್ಣದ ಕೆನೇಲಿ ತಿದ್ದಿಕೊಟ್ರು.

ಒಟ್ಟು ಐದೂವರೆ ಆರು ಸಾವಿರ ಆಗಿರ್ಬಹುದು, ಹೊರಗಿನ ಬಿರುಕಿನ ಖರ್ಚೂ ಸೇರಿ, ನನ್ನ ಕೂಲಿ ಬಿಟ್ಟು. ಜುಲೈಯಲ್ಲಿ ಗೋಡೆ ಸ್ವಲ್ಪ ಕಪ್ಪಾಗಿ ಕಾಣುತ್ತೆ, ದಸರಾ ಹೊತ್ತಿಗೆ ತಿಳಿಯಾಗುತ್ತೆ, ಬೂಷ್ಟಿಲ್ಲ. ಪೇಂಟರ್ ಹೋದ ತಿಂಗಳು ಫೋನ್ ಮಾಡಿ ಯಾರೋ ಹೋಮ್‌ಸ್ಟೇಯೋರು ಕೇಳ್ತಿದಾರೆ, ಸೋಪಿನ ಅಳತೆ ಹೇಳಿ ಸರ್ ಅಂದ. ಹೇಳಿಲ್ಲ. ಬೆಂಗಳೂರಿನ ಫ್ಲಾಟಲ್ಲಿ ಜಿಪ್ಸಮ್ ಪ್ಲಾಸ್ಟರ್ ಇರೋರು ದಯವಿಟ್ಟು ನನ್ನ ನಂಬಿಕೊಂಡು ಹಚ್ಬೇಡಿ, ನಾನು ಮಾಡಿದ್ದು ಸಿಮೆಂಟ್ ಗೋಡೆ ಮೇಲೆ ಮಾತ್ರ.