ಶೇರ್‌ಪಾಯಿಂಟ್ ವೆಬ್ ಪಾರ್ಟ್‌ಗೆ ಯಾವ ಬೇಸ್ ಕ್ಲಾಸ್?

ಮೈಕ್ರೋಸಾಫ್ಟ್‌ನ ಪೋರ್ಟಲ್ ತಂತ್ರಾಂಶ ಶೇರ್‌ಪಾಯಿಂಟ್‌ನ 2007, 2010ರ ಆವೃತ್ತಿಗಳಿಗೆ ವೆಬ್ ಪಾರ್ಟ್ (ಪೇಜಿನ ಮೇಲೆ ಕೂರಿಸುವ ಸಣ್ಣ ಘಟಕ) ಬರೆಯಲು ಕೂತರೆ, ಬೇಸ್ ಕ್ಲಾಸ್ ಆಗಿ (ನಮ್ಮ ಕ್ಲಾಸ್ ಯಾವುದರಿಂದ ಹುಟ್ಟಬೇಕೋ ಅದು) 'ವೆಬ್‌ಪಾರ್ಟ್' ಎಂಬ ಒಂದೇ ಹೆಸರಿನ ಎರಡು ಕ್ಲಾಸ್‌ ಎದುರಾಗುತ್ತವೆ. ಒಂದು ಮೈಕ್ರೋಸಾಫ್ಟ್‌ನ ವೆಬ್ ಚೌಕಟ್ಟು ಎಎಸ್‌ಪಿ ಡಾಟ್‌ನೆಟ್‌ನದು, ಇನ್ನೊಂದು ಶೇರ್‌ಪಾಯಿಂಟ್‌ನದು. ಎರಡರ ನೇಮ್‌ಸ್ಪೇಸ್‌ಗಳನ್ನೂ (ಕ್ಲಾಸ್‌ಗಳ ಗುಂಪಿನ ಹೆಸರು) ಫೈಲಿನ ಮೇಲ್ಗಡೆ ಸೇರಿಸಿದರೆ ಕಂಪೈಲರ್ ಗೊಂದಲಕ್ಕೆ ಬಿದ್ದು ಎರರ್ ಕೊಡುತ್ತದೆ. ಹಾಗಾಗಿ ನಾನು ಕ್ಲಾಸ್ ಹೆಸರನ್ನು ನೇಮ್‌ಸ್ಪೇಸ್ ಸಮೇತ ಪೂರ್ತಿ ಬರೆಯುತ್ತೇನೆ.

ಹೊಸದಾಗಿ ಬರೆಯುವ ಪಾರ್ಟ್‌ಗೆ ನನ್ನ ಆಯ್ಕೆ ಎಎಸ್‌ಪಿ ಡಾಟ್‌ನೆಟ್ ಕ್ಲಾಸ್. ಶೇರ್‌ಪಾಯಿಂಟ್ ಕ್ಲಾಸ್ ಕೂಡ 2007ರಿಂದ ಅದರಿಂದಲೇ ಹುಟ್ಟಿದ್ದು. ಶೇರ್‌ಪಾಯಿಂಟ್ ಕ್ಲಾಸ್ ಉಳಿದಿರುವುದು ಮುಖ್ಯವಾಗಿ ಶೇರ್‌ಪಾಯಿಂಟ್ 2003ರ ಪಾರ್ಟ್‌ಗಳು ಓಡಲಿ ಎಂದು. ಬೇರೆ ಬೇರೆ ಪೇಜ್‌ಗಳಲ್ಲಿರುವ ಪಾರ್ಟ್‌ಗಳ ನಡುವೆ ಕನೆಕ್ಷನ್ (ಡೇಟಾ ಹಂಚಿಕೆ), ಝೋನ್‌ನ (ಪೇಜಿನಲ್ಲಿ ಪಾರ್ಟ್ ಕೂರಿಸುವ ಜಾಗ) ಹೊರಗಿರುವ ಪಾರ್ಟ್‌ಗಳ ಕನೆಕ್ಷನ್, ಬ್ರೌಸರ್‌ನಲ್ಲೇ ನಡೆಯುವ ಕನೆಕ್ಷನ್, ಸೈಟಿನ ವಿಷಯ ಇಡುವ ಕಂಟೆಂಟ್ ಡೇಟಾಬೇಸ್‌ನಲ್ಲಿ ಕ್ಯಾಶ್ ಮಾಡುವುದು: ಈ ನಾಲ್ಕರಲ್ಲಿ ಒಂದಾದರೂ ಬೇಕಿದ್ದರೆ ಮಾತ್ರ ಶೇರ್‌ಪಾಯಿಂಟ್ ಕ್ಲಾಸ್ ಹಿಡಿಯಿರಿ.

ಕೋಡ್‌ನಲ್ಲಿ ವ್ಯತ್ಯಾಸ ಸಣ್ಣದು, ಆದರೆ ಕಾಡುವಂಥದ್ದು. ಔಟ್‌ಪುಟ್ ಬರೆಯುವ ಮೆಥಡ್ ಎಎಸ್‌ಪಿ ಡಾಟ್‌ನೆಟ್‌ನಲ್ಲಿ 'ರೆಂಡರ್‌ಕಂಟೆಂಟ್ಸ್', ಶೇರ್‌ಪಾಯಿಂಟ್‌ನಲ್ಲಿ 'ರೆಂಡರ್‌ವೆಬ್‌ಪಾರ್ಟ್'. ಸೆಟ್ಟಿಂಗ್ಸ್ ಫಲಕಕ್ಕೆ ಅಲ್ಲಿ 'ಕ್ರಿಯೇಟ್‌ಎಡಿಟರ್‌ಪಾರ್ಟ್ಸ್', ಇಲ್ಲಿ 'ಗೆಟ್‌ಟೂಲ್‌ಪಾರ್ಟ್ಸ್'. ಪ್ರಾಪರ್ಟಿಗೆ ಎಎಸ್‌ಪಿ ಡಾಟ್‌ನೆಟ್‌ನಲ್ಲಿ 'ವೆಬ್‌ಬ್ರೌಸಬಲ್' ಆಟ್ರಿಬ್ಯೂಟ್ ಒಂದೇ ಹಾಕಿದರೆ ಸಾಲದು. 'ಪರ್ಸನಲೈಸಬಲ್' ಬಿಟ್ಟುಹೋದರೆ ಫಲಕದಲ್ಲಿ ಪ್ರಾಪರ್ಟಿ ಕಾಣಿಸುತ್ತದೆ, ಆದರೆ ತುಂಬಿದ ಮೌಲ್ಯ ಸೇವ್ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲವಾದ್ದರಿಂದ ಇದನ್ನು ಹುಡುಕಲು ತುಂಬ ಹೊತ್ತು ಹಿಡಿಯುತ್ತದೆ.

ಇನ್ನೊಂದು: ಫಲಕದಲ್ಲಿ ಮೌಲ್ಯ ಬದಲಿಸಿ 'ಅಪ್ಲೈ' ಒತ್ತಿದಾಗ ಪಾರ್ಟ್ ಹಳೆಯದನ್ನೇ ತೋರಿಸಬಹುದು. ಹೊಸ ಮೌಲ್ಯ ಬರುವ ಮೊದಲೇ 'ಕ್ರಿಯೇಟ್‌ಚೈಲ್ಡ್‌ಕಂಟ್ರೋಲ್ಸ್' ಓಡಿ ಮುಗಿದಿರುತ್ತದೆ. ಅದಕ್ಕೇ ಕಂಟ್ರೋಲ್‌ಗಳನ್ನು ಅಲ್ಲಿ ಕಟ್ಟಿ, ಪ್ರಾಪರ್ಟಿಯನ್ನು 'ಆನ್‌ಪ್ರೀರೆಂಡರ್'ನಲ್ಲಿ ಓದುತ್ತೇನೆ.

ಮೊದಲ ಡಿಪ್ಲಾಯ್‌ಮೆಂಟ್‌ಗೂ ಮುಂಚೆಯೇ ಕ್ಲಾಸ್ ತೀರ್ಮಾನವಾಗಿರಬೇಕು. ಪೇಜ್‌ಗಳ ಮೇಲೆ ಕೂತ ಪಾರ್ಟ್‌ನ ಪ್ರಾಪರ್ಟಿಗಳು ಡೇಟಾಬೇಸ್‌ನಲ್ಲಿ ಆ ಕ್ಲಾಸ್‌ನ ರೂಪದಲ್ಲೇ ಉಳಿದಿರುತ್ತವೆ. ಆಮೇಲೆ ಬೇಸ್ ಬದಲಿಸಿದರೆ ಹಳೆಯ ಪಾರ್ಟ್‌ಗಳನ್ನು ತೆಗೆದು ಮತ್ತೆ ಸೇರಿಸುವ ಕೆಲಸ ಬೀಳಬಹುದು. ವೆಬ್ ಪಾರ್ಟ್ ಗ್ಯಾಲರಿಗೆ (ಪಾರ್ಟ್‌ಗಳ ಪಟ್ಟಿ) ಹಾಕುವ ಫೈಲೂ ಬೇರೆ: ಎಎಸ್‌ಪಿ ಡಾಟ್‌ನೆಟ್ ಕ್ಲಾಸ್‌ಗೆ 'ಡಾಟ್ ವೆಬ್‌ಪಾರ್ಟ್', ಹಳೆಯ ಶೈಲಿಗೆ 'ಡಾಟ್ ಡಿಡಬ್ಲ್ಯೂಪಿ'. ಕ್ಲಾಸ್ ಯಾವುದೇ ಇರಲಿ, ಸೈಟಿನ ಸೆಟ್ಟಿಂಗ್ಸ್ ಫೈಲ್ ವೆಬ್ ಡಾಟ್ ಕಾನ್ಫಿಗ್‌ನ 'ಸೇಫ್‌ಕಂಟ್ರೋಲ್' ಸಾಲಿನಲ್ಲಿ ನಿಮ್ಮ ಅಸೆಂಬ್ಲಿಯ (ಕಂಪೈಲ್ ಆದ ಡಿಎಲ್‌ಎಲ್ ಫೈಲ್) ಪೂರ್ತಿ ಹೆಸರು, ವರ್ಶನ್, ಪಬ್ಲಿಕ್ ಕೀ ಟೋಕನ್, ನೇಮ್‌ಸ್ಪೇಸ್ ಅಕ್ಷರ ತಪ್ಪದೆ ಹೊಂದಬೇಕು. ಇಲ್ಲದಿದ್ದರೆ ಪಾರ್ಟ್ ಸೇಫ್ ಎಂದು ನೋಂದಣಿಯಾಗಿಲ್ಲ ಎಂಬ ಎರರ್ ಬರುತ್ತದೆ.