ಕನ್ನಡ ಹೆಸರಿನ ಫೈಲ್ ಪಾತಿಗೆ ರೆಜೆಕ್ಸ್

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಸಹಕಾರಿ ಸಂಘಕ್ಕೆ ದಾಖಲೆ ಹುಡುಕುವ ವೆಬ್ ಪೇಜ್ ಮಾಡಿಕೊಟ್ಟೆ. ಸ್ಕ್ಯಾನ್ ಮಾಡಿದ ಕಾಗದಗಳೆಲ್ಲ ವಿಂಡೋಸ್ ಸರ್ವರಿನ ಶೇರ್ ಫೋಲ್ಡರಿನಲ್ಲಿವೆ. ಕ್ಲಾರ್ಕ್ ಫೈಲಿನ ಪಾತ್ (ಅದು ಇರುವ ಜಾಗದ ವಿಳಾಸ) ಕಾಪಿ ಮಾಡಿ ಫಾರ್ಮಿಗೆ ಹಾಕಬೇಕು. ಬ್ರೌಸರಿನ ಫೈಲ್ ಬಟನ್ ಇದಕ್ಕೆ ಆಗುವುದಿಲ್ಲ. ಅದು ನಿಜವಾದ ಪಾತ್ ಕೊಡುವುದೇ ಇಲ್ಲ, 'ಫೇಕ್‌ಪಾತ್' ಅಂತ ಏನೋ ಒಂದು ತೋರಿಸುತ್ತದೆ.

ಪಾತ್ ಹೀಗಿರುತ್ತದೆ:

\\ಸರ್ವರ್\ಅಡಿಕೆ\ಬಿಲ್‌ಗಳು

ಇದನ್ನು ಚೆಕ್ ಮಾಡುವ ರೆಡಿಮೇಡ್ ರೆಜೆಕ್ಸ್ (ಅಕ್ಷರಗಳ ಸಾಲು ಹೇಗಿರಬೇಕು ಅಂತ ಹೇಳುವ ಸೂತ್ರ) ಪ್ಯಾಟರ್ನ್‌ಗಳು ಬೇಕಾದಷ್ಟು ಸಿಗುತ್ತವೆ. ಹೆಚ್ಚಿನವು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (\w) ಅನ್ನುವ ಸಂಕೇತವನ್ನು ನಂಬಿಕೊಂಡವು. ಬ್ರೌಸರಿನ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ, ಅಂಕೆ, ಅಂಡರ್‌ಸ್ಕೋರ್ ಮಾತ್ರ. 'ಸರ್, ಕನ್ನಡ ಹೆಸರು ಹಾಕಿದರೆ ತಪ್ಪು ಅಂತ ಬರ್ತದೆ' ಅಂತ ಕ್ಲಾರ್ಕ್ ಹೇಳಿದ್ದು ಇದಕ್ಕೇ.

ಜಾವಾಸ್ಕ್ರಿಪ್ಟಿನ 2018ರ ಆವೃತ್ತಿಯಿಂದ ಯೂನಿಕೋಡಿನ (ಎಲ್ಲ ಲಿಪಿಗಳಿಗೂ ಕೋಡ್ ಕೊಡುವ ವ್ಯವಸ್ಥೆ) 'ಅಕ್ಷರ' ವರ್ಗವನ್ನೂ ಬಳಸಬಹುದು, ರೆಜೆಕ್ಸಿನ ಕೊನೆಗೆ ಯು (u) ಫ್ಲ್ಯಾಗ್ ಇರಬೇಕು ಅಷ್ಟೆ. ಆದರೆ ಅದೂ ಸಾಲದು. 'ಬಿಲ್‌ಗಳು' ತೆಗೆದುಕೊಳ್ಳಿ. ಒಳಗಿರುವುದು 8 ಕೋಡ್. ಬ, ಲ, ಗ, ಳ ಅಕ್ಷರ. ಗುಡಿಸು, ವಿರಾಮ, ಕೊಂಬು ಮೂರೂ 'ಗುರುತು' ವರ್ಗದವು. ಉಳಿದದ್ದು ಲ್ ಮತ್ತು ಗ ನಡುವೆ ಕಣ್ಣಿಗೆ ಕಾಣದೆ ಕೂತ ಜೋಡಣೆ ತಡೆಯುವ ಕೋಡ್. ಅದು ಎರಡರಲ್ಲೂ ಸೇರುವುದಿಲ್ಲ. ಅದನ್ನು ತೆಗೆದರೆ ಲ್‌ಗೆ ಗ ಒತ್ತಾಗಿ ಅಂಟುತ್ತದೆ.

ನಮ್ಮ ಊರಲ್ಲಿ ಮಲಯಾಳ ಹೆಸರಿನ ಫೈಲುಗಳೂ ಇರುತ್ತವಲ್ವಾ? ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ಬೇರೆ ರೂಪ) ಸ್ವಂತ ಕೋಡ್ ಬಂದದ್ದು 2008ರಲ್ಲಿ. ಹಳೆಯ ರೀತಿಯಲ್ಲಿ ಟೈಪ್ ಮಾಡಿದ್ದರಲ್ಲಿ ಇನ್ನೊಂದು ಕಾಣದ ಕೋಡ್ ಇರುತ್ತದೆ. ನೋಡಲು ಎರಡೂ ಒಂದೇ. ನಾರ್ಮಲೈಸ್ ಮಾಡಿದರೂ (ಬೇರೆ ಬೇರೆ ರೀತಿ ಬರೆದದ್ದನ್ನು ಒಂದೇ ರೂಪಕ್ಕೆ ತರುವುದು) ಒಂದಾಗುವುದಿಲ್ಲ.

ಹಾಗಾಗಿ ಯಾವುದು ಸರಿ ಅಂತ ಪಟ್ಟಿ ಮಾಡುವ ಗೋಜೇ ಬೇಡ ಅಂತ, ವಿಂಡೋಸ್ ಹೆಸರಿನಲ್ಲಿ ಬೇಡ ಅನ್ನುವ ಚಿಹ್ನೆಗಳನ್ನಷ್ಟೇ ನಿಷೇಧಿಸಿದೆ:

^\\\\[^\\/:*?"<>|]+(\\[^\\/:*?"<>|]+)+$

ಸ್ಟ್ರಿಂಗ್ (ಕೊಟೇಶನ್ ಗುರುತಿನ ನಡುವಿನ ಪಠ್ಯ) ಒಳಗೆ ಬರೆಯುವುದಾದರೆ ಬ್ಯಾಕ್‌ಸ್ಲ್ಯಾಶ್ ಎಲ್ಲ ಮತ್ತೆ ಡಬಲ್, ಶುರುವಿಗೇ ಎಂಟು! ಪ್ರತಿ ಭಾಗದಲ್ಲೂ ಬ್ಯಾಕ್‌ಸ್ಲ್ಯಾಶ್ ನಿಷೇಧ ಇರುವುದರಿಂದ ಎಷ್ಟು ಉದ್ದದ ಪಾತ್ ಕೊಟ್ಟರೂ ಬ್ಯಾಕ್‌ಟ್ರ್ಯಾಕಿಂಗಿನಲ್ಲಿ (ಹಿಂದೆ ಹೋಗಿ ಮತ್ತೆ ಮತ್ತೆ ಹೊಂದಿಸಿ ನೋಡುವುದು) ಸಿಕ್ಕಿ ಒದ್ದಾಡುವುದಿಲ್ಲ. ಕೊನೆಯಲ್ಲಿ ಚುಕ್ಕೆ ಅಥವಾ ಸ್ಪೇಸ್ ಇರುವ ಹೆಸರು, 'ಕಾನ್' (CON), 'ನಲ್' (NUL) ತರಹ ವಿಂಡೋಸ್ ತನಗೇ ಕಾದಿರಿಸಿಕೊಂಡ ಹೆಸರು, ಇವನ್ನು ಬೇರೆ ಫಂಕ್ಷನ್ನಿನಲ್ಲಿ ನೋಡಿಕೊಂಡೆ. ಎಲ್ಲವನ್ನೂ ಒಂದೇ ರೆಜೆಕ್ಸಿಗೆ ತುರುಕಿದರೆ ಆರು ತಿಂಗಳ ಮೇಲೆ ಯಾರು ಓದಬೇಕು?

ಇಷ್ಟಾದರೂ ರೆಜೆಕ್ಸ್ ನೋಡುವುದು ಆಕಾರ ಮಾತ್ರ. ಮೇಲಿನ ಫೋಲ್ಡರಿಗೆ ಹೋಗು ಅನ್ನುವ ಎರಡು ಚುಕ್ಕೆ (..) ಇದರಲ್ಲಿ ಸಲೀಸಾಗಿ ಪಾಸಾಗುತ್ತದೆ. ಅದಕ್ಕೆ ಸರ್ವರ್ ಕಡೆಯಲ್ಲಿ ಪೂರ್ತಿ ಪಾತ್ ಬಿಡಿಸಿ, ನಮ್ಮ ಶೇರಿನ ಒಳಗೇ ಇದೆಯಾ ಅಂತ ನೋಡುತ್ತೇನೆ. ಅದಕ್ಕೂ ಮೊದಲು, ಫೈಲ್ ಮುಟ್ಟುವ ಮುಂಚೆಯೇ, ಸರ್ವರಿನ ಹೆಸರು ನಮ್ಮ ಪಟ್ಟಿಯಲ್ಲಿ ಇರಬೇಕು. ಯಾರೋ ಬೇರೆ ಸರ್ವರಿನ ಪಾತ್ ಕೊಟ್ಟು ನಮ್ಮ ಪ್ರೋಗ್ರಾಂ ಅದನ್ನು ತೆರೆಯಲು ಹೋದರೆ, ವಿಂಡೋಸ್ ತಾನಾಗಿಯೇ ನಮ್ಮ ಅಕೌಂಟಿನಲ್ಲಿ ಅಲ್ಲಿಗೆ ಲಾಗಿನ್ ಆಗಲು ನೋಡುತ್ತದೆ.